ಕೊಂಬೆಯ ಮೇಲಿನ ಕಪ್ಪು ಚುಕ್ಕೆ ಯಾವ ಶಿಲೀಂಧ್ರ? ಗುರುತು ಹಿಡಿಯುವ ಬಗೆ

ಮರದ ಕೆಳಗೆ ಬಿದ್ದ ಒಣಕೊಂಬೆಯೊಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ತೊಗಟೆಯ ಮೇಲೆ ಪೆನ್ಸಿಲ್ ಮೊನೆಯಿಂದ ಚುಚ್ಚಿಟ್ಟ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೆರಳಾಡಿಸಿದರೆ ಒರಟು. ಕೊಳೆ ಇರಬೇಕು ಅಂತ ಬಿಸಾಕಿಬಿಡುತ್ತೇವೆ. ಅದೇ ಚುಕ್ಕೆಯನ್ನು ಒಡೆದು ಮೈಕ್ರೋಸ್ಕೋಪಿನಡಿ ಇಟ್ಟರೆ ನಾಲ್ಕು ತೋಳಿನ ನಕ್ಷತ್ರಗಳೋ, ಸುರುಳಿ ಸುತ್ತಿದ ಸ್ಪ್ರಿಂಗುಗಳೋ, ಮೀಸೆ ಬಿಟ್ಟ ದೋಣಿಗಳೋ ಹೊರಗೆ ಬರಬಹುದು. ಇವು ಬೀಜಕಗಳು, ಶಿಲೀಂಧ್ರ ಹರಡಲು ಬಿಡುವ ಬೀಜದಂಥ ಸೂಕ್ಷ್ಮ ಕಣಗಳು. ತಕ್ಷಣ ಬಾಯಿಗೆ ಬರುವ ಪ್ರಶ್ನೆ: ಇದರ ಹೆಸರೇನು?

ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹೆಸರಿನ ಅವಸರದಲ್ಲಿ ನೋಡಬೇಕಾದ್ದನ್ನೇ ನೋಡದೆ ಬಿಡುತ್ತೇವೆ. ಚಿತ್ರಗಳನ್ನು ತಿರುವಿ ಹಾಕಿ, ಹೋಲುವ ಒಂದನ್ನು ಹಿಡಿದು, ಇದೇ ಅದು ಅಂದುಬಿಡುವುದು ಸುಲಭ. ಆದರೆ ಕೊಂಬೆಯ ಶಿಲೀಂಧ್ರಗಳಲ್ಲಿ ಹೊರನೋಟ ಒಂದೇ ಇದ್ದು ಒಳಗೆ ಪೂರಾ ಬೇರೆ ಇರುವಂಥವು ಲೆಕ್ಕವಿಲ್ಲದಷ್ಟಿವೆ. ಕೆಳಗಿನ ಹೆಜ್ಜೆಗಳನ್ನು ಆ ಕ್ರಮದಲ್ಲೇ ಮಾಡಿ. ಹೆಸರು ತಾನಾಗಿ ಹತ್ತಿರ ಬರುತ್ತದೆ.

ಬೇಕಾಗುವ ಸಾಮಾನು ಜಾಸ್ತಿಯಿಲ್ಲ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, 40 ಮತ್ತು 100ರ ಆಬ್ಜೆಕ್ಟಿವ್ ಇರುವ ಮೈಕ್ರೋಸ್ಕೋಪ್, ಹೊಸ ಬ್ಲೇಡು, ಎರಡು ಸೂಜಿ, ಸ್ಲೈಡು, ಕವರ್‌ಸ್ಲಿಪ್, ನೀರು. ಇಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ.

1. ಮೊದಲು ಇದು ಶಿಲೀಂಧ್ರ ಹೌದಾ ನೋಡಿ

ಕೊಂಬೆಯ ಮೇಲಿನ ಎಲ್ಲ ಗುಳ್ಳೆಯೂ ಶಿಲೀಂಧ್ರವಲ್ಲ. ಮರ ಉಸಿರಾಡುವ ರಂಧ್ರಗಳೂ ತೊಗಟೆಯಲ್ಲಿ ಸಣ್ಣ ಉಬ್ಬುಗಳಂತೆ ಕಾಣುತ್ತವೆ. ಶಲ್ಕ ಕೀಟಗಳಂತೂ ಎಂಥವರನ್ನೂ ಬೇಸ್ತು ಬೀಳಿಸುತ್ತವೆ. ಅವು ಚಿಪ್ಪು ಹೊದ್ದು ಅಲ್ಲಾಡದೆ ಕೂತಿರುತ್ತವೆ. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ. ಚಿಪ್ಪು ಇಡಿಯಾಗಿ ಕಿತ್ತುಬಂದು ಅಡಿಯಲ್ಲಿ ಮೆತ್ತನೆಯ ದೇಹವೋ ಮೊಟ್ಟೆಯ ರಾಶಿಯೋ ಕಂಡರೆ ಅದು ಕೀಟ.

ಇಲ್ಲೂ ಒಂದು ತಮಾಷೆಯಿದೆ. ಸೆಪ್ಟೊಬೆಸಿಡಿಯಂ ಅನ್ನುವ ಶಿಲೀಂಧ್ರ ಕೊಂಬೆಗೆ ಕಂಬಳಿ ಹೊದಿಸಿದಂತೆ ಹರಡಿಕೊಳ್ಳುತ್ತದೆ. ಆ ಕಂಬಳಿಯಡಿ ಶಲ್ಕ ಕೀಟಗಳು ಬದುಕಿರುತ್ತವೆ. ಕೆಲವು ಕೀಟಗಳನ್ನು ಅದು ಹೀರುತ್ತದೆ, ಉಳಿದವಕ್ಕೆ ಸೂರು ಕೊಡುತ್ತದೆ. ಮೈರಿಯಾಂಜಿಯಂ ಎಂಬ ಇನ್ನೊಂದು ಕುಲ ಶಲ್ಕ ಕೀಟದ ಮೇಲೇ ಕಪ್ಪು ಗಂಟಾಗಿ ಬೆಳೆಯುತ್ತದೆ. ಹಾಗಾಗಿ ಕೀಟ ಸಿಕ್ಕಿತು ಅಂತ ಕೊಂಬೆಯನ್ನು ಎಸೆಯಬೇಡಿ. ಎರಡೂ ಇರಬಹುದು.

ಕಲ್ಲುಹೂವನ್ನೂ ಬೇರ್ಪಡಿಸಿಕೊಳ್ಳಬೇಕು. ತೊಗಟೆಯ ಮೇಲೆ ಬಿಳಿ ಅಥವಾ ಬೂದು ತೇಪೆ, ಅದರಲ್ಲಿ ಯಾರೋ ಗೀಚಿದಂತೆ ಕಪ್ಪು ಗೆರೆಗಳಿದ್ದರೆ ಗ್ರಾಫಿಸ್ ಗುಂಪಿನ ಕಲ್ಲುಹೂವು ಇರಬಹುದು. ತೇಪೆಯನ್ನು ಸ್ವಲ್ಪ ಕೆರೆದು ಸ್ಲೈಡಿಗೆ ಹಾಕಿ. ಶಿಲೀಂಧ್ರದ ಎಳೆಗಳ ನಡುವೆ ಹಸಿರು ಅಥವಾ ಕಿತ್ತಳೆ ಬಣ್ಣದ ಪಾಚಿ ಕೋಶಗಳು ಹೆಣೆದುಕೊಂಡಿದ್ದರೆ ಕಲ್ಲುಹೂವು. ಹಾಗೇ ಮೇಲೆ ಕೂತ ನಾಲ್ಕಾರು ಪಾಚಿ ಕೋಶ ಲೆಕ್ಕಕ್ಕಿಲ್ಲ, ಅವು ಎಲ್ಲ ಕೊಂಬೆಯ ಮೇಲೂ ಇರುತ್ತವೆ.

2. ಕೊಂಬೆ ಯಾವ ಮರದ್ದು?

ಇದನ್ನು ಬಿಟ್ಟವರು ಆಮೇಲೆ ಪರದಾಡುತ್ತಾರೆ. ಕೊಂಬೆಯ ಶಿಲೀಂಧ್ರಗಳಲ್ಲಿ ಬಹಳಷ್ಟು ಒಂದೇ ಮರಕ್ಕೆ ಅಥವಾ ಒಂದೇ ಕುಟುಂಬದ ಮರಗಳಿಗೆ ಅಂಟಿಕೊಂಡಿರುತ್ತವೆ. ನಕ್ಷತ್ರದಂಥ ಬೀಜಕದ ಆಸ್ಟರೋಸ್ಪೋರಿಯಂ ಆಸ್ಟರೋಸ್ಪರ್ಮಂ ಸಿಗುವುದು ಬೀಚ್ ಮರದಲ್ಲಿ. ಅದರಂತೆಯೇ ತೋಳು ಚಾಚಿದ ಪ್ರೊಸ್ಥೀಮಿಯಂ ಬರ್ಚ್ ಮರದ್ದು. ಮರದ ಹೆಸರು ಗೊತ್ತಿದ್ದರೆ ಹುಡುಕುವ ಪಟ್ಟಿ ನೂರಾರರಿಂದ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ.

ಬಿದ್ದ ಕೊಂಬೆಯಾದರೆ ಅಕ್ಕಪಕ್ಕದ ಎಲೆ, ಕಾಯಿ, ಮೊಗ್ಗು ಎಲ್ಲದರ ಫೋಟೊ ತೆಗೆದುಕೊಳ್ಳಿ. ಮರದಲ್ಲೇ ಇದೆಯೋ ನೆಲದಲ್ಲೋ, ಕೊಂಬೆ ಜೀವಂತವೋ ಸತ್ತದ್ದೋ, ತೊಗಟೆ ಇದೆಯೋ ಕಳಚಿದೆಯೋ, ದಪ್ಪ ಎಷ್ಟು ಅಂತ ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯೋಣ ಅಂದುಕೊಂಡದ್ದು ಬರೆಯದೇ ಉಳಿಯುತ್ತದೆ. ಜೀವಂತ ಕೊಂಬೆ ಕತ್ತರಿಸಿದರೆ ಮುಂದಿನ ಮರಕ್ಕೆ ಹೋಗುವ ಮುಂಚೆ ಕತ್ತರಿಯನ್ನು 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿ. ಇಲ್ಲದಿದ್ದರೆ ರೋಗ ಹಬ್ಬಿಸುವವರು ನಾವೇ ಆಗುತ್ತೇವೆ. ರಕ್ಷಿತ ಅರಣ್ಯವಾದರೆ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಎತ್ತಬೇಡಿ.

ಕೊಂಬೆಯನ್ನು ಕಾಗದದ ಲಕೋಟೆಯಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ, ಒಂದೆರಡು ದಿನದಲ್ಲೇ ಬೇರೆ ಬೂಷ್ಟು ಹತ್ತಿ ಅಸಲಿಯನ್ನು ಮುಚ್ಚಿಬಿಡುತ್ತದೆ.

3. ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ

ಒಣಗಿದ್ದಾಗ ಒಮ್ಮೆ ನೋಡಿ. ಆಮೇಲೆ ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾದು ಇನ್ನೊಮ್ಮೆ ನೋಡಿ. ಈ ಎರಡು ನೋಟಗಳ ವ್ಯತ್ಯಾಸವೇ ಕೆಲವೊಮ್ಮೆ ಉತ್ತರ. ಬೆಚ್ಚನೆಯ ಪ್ರದೇಶಗಳಲ್ಲಿ ಒಣಕೊಂಬೆಗಳ ಮೇಲೆ ಧಾರಾಳವಾಗಿ ಸಿಗುವ ರಿಟಿಡ್‌ಹಿಸ್ಟೆರಾನ್ ರೂಫುಲಂ ಒಣಗಿದ್ದಾಗ ಬಾಯಿ ಮುಚ್ಚಿದ ಕರಿ ದೋಣಿ. ಅಂಚಿನಲ್ಲಿ ಅಡ್ಡ ಸುಕ್ಕುಗಳಿರುತ್ತವೆ. ನೀರು ಬಿದ್ದರೆ ಬಾಯಿ ತೆರೆಯುತ್ತದೆ. ಒಳಗೆ ಕೆಂಪು! ಮೊದಲ ಸಲ ನೋಡಿದವರು ಖಂಡಿತ ಇನ್ನೊಬ್ಬರನ್ನು ಕೂಗಿ ಕರೆಯುತ್ತಾರೆ.

ಈಗ ಚುಕ್ಕೆಯ ಸ್ವರೂಪ ಯಾವುದು ಅಂತ ತೀರ್ಮಾನಿಸಿ. ಗುಂಡಗೆ ಹೂಜಿಯಂತಿದ್ದು ತಲೆಯಲ್ಲಿ ಒಂದೇ ತೂತು ಇದೆಯೇ? ಅದು ಪೆರಿಥೀಸಿಯಂ (ಬೀಜಕಗಳು ಚೀಲದೊಳಗೆ ಹುಟ್ಟುವಂಥದ್ದು) ಇರಬಹುದು ಅಥವಾ ಪಿಕ್ನಿಡಿಯಂ (ಬೀಜಕಗಳು ಎಳೆಯ ತುದಿಯಲ್ಲಿ ಹುಟ್ಟುವಂಥದ್ದು) ಇರಬಹುದು. ಹೊರಗಿನಿಂದ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಒಡೆದೇ ನೋಡಬೇಕು. ಬಟ್ಟಲಿನಂತೆ ತೆರೆದಿದ್ದರೆ ಅಪೊಥೀಸಿಯಂ. ತುಟಿ ಮುಚ್ಚಿದಂತೆ ಉದ್ದನೆಯ ಸೀಳಿದ್ದರೆ ಹಿಸ್ಟೀರಿಯಂ ಬಗೆಯದು. ಹೂಜಿ, ಬಟ್ಟಲು ಏನೂ ಇಲ್ಲದೆ ಬರೀ ಕೂದಲು, ಪುಡಿ, ದಿಂಬಿನಂತಿದ್ದರೆ ಬಯಲಲ್ಲೇ ಬೀಜಕ ಬಿಡುವ ಬೂಷ್ಟುಗಳ ಗುಂಪು.

ಆಮೇಲೆ ಬ್ಲೇಡಿನಿಂದ ಚುಕ್ಕೆಯ ನೆತ್ತಿಯನ್ನು ತೆಳ್ಳಗೆ ಸವರಿ. ಒಳಗೆ ಒಂದೇ ಕೋಣೆಯೋ, ಗೂಡುಗೂಡಾಗಿ ಹಲವು ಕೋಣೆಗಳೋ? ಗೋಡೆ ಕಪ್ಪೋ ಬಣ್ಣದ್ದೋ? ಒಳಗಿನ ತಿರುಳು ಬಿಳಿಯೋ, ಬೂದೋ, ಕರಿಯೋ? ಬರೆದಿಟ್ಟುಕೊಳ್ಳಿ. ತಿರುಳು ಒಣಗಿ ಪುಡಿಯಾಗಿದ್ದರೆ ವಯಸ್ಸಾಗಿ ಖಾಲಿಯಾದದ್ದು. ಅದರಲ್ಲಿ ಸಮಯ ಕಳೆಯಬೇಡಿ, ಪಕ್ಕದ ಚುಕ್ಕೆಗೆ ಹೋಗಿ. ಎಲ್ಲವೂ ಎಳೆಯವಾಗಿದ್ದರೆ ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ ಕೊಂಬೆಯನ್ನು ಕೆಲವು ದಿನ ಇಡಿ. ದಿನಾ ನೋಡುತ್ತಿರಿ.

4. ಸ್ಲೈಡ್: ಮೊದಲು ಬರೀ ನೀರು

ಚುಕ್ಕೆಯ ಒಳತಿರುಳನ್ನು ಸೂಜಿಯ ತುದಿಯಲ್ಲಿ, ಗುಂಡುಸೂಜಿಯ ತಲೆಗಿಂತ ಚಿಕ್ಕದಾಗಿ ತೆಗೆಯಿರಿ. ಹೊಸಬರು ಮಾಡುವ ತಪ್ಪೆಂದರೆ ಜಾಸ್ತಿ ಹಾಕುವುದು. ಜಾಸ್ತಿ ಹಾಕಿದರೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನೀರಿನ ಹನಿಯಲ್ಲಿಟ್ಟು, ಸೂಜಿಗಳಿಂದ ಬಿಡಿಸಿ, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒತ್ತಿ.

ನೀರೇ ಯಾಕೆ ಅಂದರೆ, ಜೀವಂತ ಕೋಶ ತನ್ನ ನಿಜರೂಪದಲ್ಲಿ ಕಾಣುವುದು ನೀರಿನಲ್ಲಿ ಮಾತ್ರ. ಲ್ಯಾಕ್ಟೊಫೀನಾಲ್ ಕಾಟನ್ ಬ್ಲೂ ಚೆಂದವಾಗಿ ನೀಲಿ ಬಣ್ಣ ಹಿಡಿಸುತ್ತದೆ ನಿಜ, ಆದರೆ ಕೋಶವನ್ನು ಕೊಂದು ಕುಗ್ಗಿಸುತ್ತದೆ. ಒಳಗಿನ ಎಣ್ಣೆ ಹನಿಗಳ ಜೋಡಣೆ ಹಾಳಾಗುತ್ತದೆ. ಅದರಲ್ಲಿರುವ ಫೀನಾಲ್ ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ಬಣ್ಣ ಎರಡನೇ ಸ್ಲೈಡಿಗೆ.

ಬೀಜಕದ ಸುತ್ತ ಏನೋ ಖಾಲಿ ಜಾಗ ಬಿಟ್ಟಂತೆ ಕಂಡರೆ ಕವರ್‌ಸ್ಲಿಪ್ಪಿನ ಅಂಚಿಗೆ ಒಂದು ಚೂರು ಇಂಡಿಯನ್ ಇಂಕ್ ಬಿಡಿ. ಸುತ್ತಲೂ ಕಪ್ಪಾಗಿ, ಬೀಜಕದ ಸುತ್ತ ಬೆಳ್ಳನೆಯ ವಲಯ ಉಳಿದರೆ ಅದು ಲೋಳೆಯ ಕವಚ. ಮಸಾರಿಯಾ, ಸ್ಪ್ಲಾಂಕ್ನೊನೀಮಾದಂಥ ಕುಲಗಳಲ್ಲಿ ಈ ಕವಚ ದಪ್ಪವಾಗಿರುತ್ತದೆ.

5. ಈ ಬೀಜಕ ಯಾರದು?

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೊಂಬೆಯ ಮೇಲ್ಮೈ ಅಂದರೆ ಸಂತೆ ಇದ್ದ ಹಾಗೆ. ಗಾಳಿಯಲ್ಲಿ ಬಂದ ಪರಾಗ, ಪಕ್ಕದ ಶಿಲೀಂಧ್ರದ ಬೀಜಕ, ಮಳೆನೀರಿನಲ್ಲಿ ಮೇಲಿನಿಂದ ಹರಿದು ಬಂದದ್ದು, ಎಲ್ಲವೂ ಅಲ್ಲಿ ಸೇರಿರುತ್ತದೆ. ಸ್ಲೈಡಿನಲ್ಲಿ ಬಿಡಿಯಾಗಿ ತೇಲುವ ವಿಚಿತ್ರ ಬೀಜಕ ನೀವು ಒಡೆದ ಚುಕ್ಕೆಯದೇ ಅನ್ನುವುದಕ್ಕೆ ಏನು ಗ್ಯಾರಂಟಿ?

ನಾನು ಒಮ್ಮೆ ಒಂದು ಇಡೀ ಭಾನುವಾರ ನಾಲ್ಕು ಕೋಡಿನ ಬೀಜಕವೊಂದನ್ನು ಅಳೆದು, ಚಿತ್ರ ಬರೆದು, ಹೊಸದೇ ಏನೋ ಸಿಕ್ಕಿತು ಅಂತ ಬೀಗಿದ್ದೆ. ಮಾರನೇ ದಿನ ಅದೇ ಕೊಂಬೆಯ ಹತ್ತು ಚುಕ್ಕೆ ಒಡೆದರೂ ಅದು ಮತ್ತೆ ಕಾಣಲಿಲ್ಲ. ಎಲ್ಲಿಂದಲೋ ಬಂದು ಕೂತಿದ್ದ ಟೆಟ್ರಾಪ್ಲೋವಾ ಅದು. ಹುಲ್ಲು, ಕಸಕಡ್ಡಿಗಳ ಮೇಲೆಲ್ಲ ಸಿಗುವ ಶಿಲೀಂಧ್ರ. ಚುಕ್ಕೆಯ ನಿಜವಾದ ಬೀಜಕ ಸಪ್ಪೆಯಾಗಿ, ಬಣ್ಣವಿಲ್ಲದೆ, ನನ್ನ ಕಣ್ಣೆದುರೇ ಇತ್ತು. ಅದನ್ನು ನಾನು ನೋಡಿಯೂ ನೋಡಿರಲಿಲ್ಲ.

ನಿಯಮ ಇಷ್ಟೇ. ಬೀಜಕವನ್ನು ಅದು ಹುಟ್ಟುವ ಜಾಗದಲ್ಲೇ ನೋಡಿದರೆ ಮಾತ್ರ ನಂಬಿ. ಒಂದೋ ಅದು ಚೀಲದೊಳಗೆ ಸಾಲಾಗಿ ಕೂತಿರಬೇಕು. ಆ ಚೀಲಕ್ಕೆ ಆಸ್ಕಸ್ ಅನ್ನುತ್ತಾರೆ, ಸಾಮಾನ್ಯವಾಗಿ ಒಂದರಲ್ಲಿ 8 ಬೀಜಕ. ಇಲ್ಲವೇ ಎಳೆಯೊಂದರ ತುದಿಗೆ ಅಂಟಿಕೊಂಡಿರಬೇಕು. ಆ ಬಗೆಯದು ಕೊನಿಡಿಯಂ. ಬಿಡಿ ಬೀಜಕ ಬರೀ ಗಾಳಿಮಾತು. ಆದ್ದರಿಂದ ಮೂರು ಬೇರೆ ಬೇರೆ ಚುಕ್ಕೆಗಳಿಂದ ಮೂರು ಸ್ಲೈಡ್ ಮಾಡಿ, ಮೂರರಲ್ಲೂ ಅದೇ ಕಾಣಬೇಕು.

ಇನ್ನೊಂದು ಸಿಕ್ಕು: ಶಿಲೀಂಧ್ರದ ಮೇಲೆ ಶಿಲೀಂಧ್ರ. ಪಾಲಿಡೆಸ್ಮಿಯಾ ಪ್ರುಯಿನೋಸಾ ಎಂಬ ಸಣ್ಣ ಬಿಳಿ ಬಟ್ಟಲಿನಂಥದ್ದು ಬೆಳೆಯುವುದೇ ಹಳೆಯ ಕರಿ ಶಿಲೀಂಧ್ರಗಳ ಮೇಲೆ. ಕೆಳಗಿರುವುದನ್ನೂ ಮೇಲಿರುವುದನ್ನೂ ಒಟ್ಟಿಗೆ ಅರೆದರೆ ಎರಡರ ಬೀಜಕವೂ ಬೆರೆತು ತಲೆ ಕೆಡುತ್ತದೆ.

6. ಆಕಾರ ಮತ್ತು ಅಡ್ಡಗೋಡೆ

ಇಟಲಿಯ ಶಿಲೀಂಧ್ರ ವಿಜ್ಞಾನಿ ಪಿಯರ್ ಆಂಡ್ರಿಯಾ ಸಕ್ಕಾರ್ಡೊ 1882ರಲ್ಲಿ ಶಿಲೀಂಧ್ರಗಳ ಮಹಾಗ್ರಂಥ ಮಾಲೆಯೊಂದನ್ನು ಹೊರತರಲು ಶುರುಮಾಡಿದರು. ಬೀಜಕಗಳನ್ನು ಆಕಾರದ ಮೇಲೆ ಗುಂಪು ಮಾಡುವ ಅವರ ಪದ್ಧತಿ ಇಂದಿನ ವಂಶವೃಕ್ಷಕ್ಕೆ ಹೊಂದುವುದಿಲ್ಲ. ಆದರೂ ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಏಣಿ ಇಲ್ಲ. ಒಂದೇ ಕೋಶದ್ದೋ, ನಡುವೆ ಒಂದು ಗೋಡೆಯಿದ್ದು ಎರಡು ಕೋಶದ್ದೋ, ಹಲವು ಅಡ್ಡಗೋಡೆಯದ್ದೋ, ಅಡ್ಡ ಉದ್ದ ಎರಡೂ ಗೋಡೆಗಳಿರುವ ಇಟ್ಟಿಗೆ ಕಟ್ಟಿದಂಥದ್ದೋ, ದಾರದಂತೆ ಉದ್ದದ್ದೋ, ಸುರುಳಿಯೋ, ನಕ್ಷತ್ರವೋ. ಈ ಏಳರಲ್ಲಿ ಯಾವುದು ಅಂತ ಹೇಳಿ, ಜೊತೆಗೆ ಬಣ್ಣವಿದೆಯೋ ಇಲ್ಲವೋ ಹೇಳಿ. ಪಟ್ಟಿ ಸರಕ್ಕನೆ ಕಿರಿದಾಗುತ್ತದೆ.

ಉದಾಹರಣೆಗೆ, ತುಟಿ ಮುಚ್ಚಿದ ಕರಿ ಸೀಳು ಸಿಕ್ಕಿದೆ ಅನ್ನಿ. ಬೀಜಕದಲ್ಲಿ ಬರೀ ಅಡ್ಡಗೋಡೆಗಳಿದ್ದರೆ ಹಿಸ್ಟೀರಿಯಂ ಕಡೆ ಹೋಗಿ. ಇಟ್ಟಿಗೆ ಗೋಡೆಯಂತಿದ್ದರೆ ಹಿಸ್ಟೆರೊಗ್ರಾಫಿಯಂ ಕಡೆ. ಹೊರಗಿನಿಂದ ಎರಡೂ ಒಂದೇ. ಬೀಜಕ ಬಣ್ಣವಿಲ್ಲದೆ ಸ್ವಲ್ಪ ಬಾಗಿ ಚಿಕ್ಕ ಕಮಾನಿನಂತಿದ್ದು, ತೊಗಟೆಯಲ್ಲಿ ಕರಿ ಉಬ್ಬುಗಳಿದ್ದರೆ ಡಯಾಟ್ರಿಪೇಸಿ ಕುಟುಂಬ ನೋಡಿ. ಅಲ್ಲೂ ಚೀಲದಲ್ಲಿ 8 ಇವೆಯೋ, ಎಣಿಸಲಾಗದಷ್ಟಿವೆಯೋ ಗಮನಿಸಿ. ತುಂಬಿ ತುಳುಕುತ್ತಿದ್ದರೆ ಡಯಾಟ್ರಿಪೆಲ್ಲಾ ಅಥವಾ ಕ್ರಿಪ್ಟೊವಾಲ್ಸಾ ಇರಬಹುದು.

ಮೀಸೆ ಬಿಟ್ಟ ದೋಣಿ ಅಂದೆನಲ್ಲ, ಅದು ಪೆಸ್ಟಲೋಷಿಯಾಪ್ಸಿಸ್ ಗುಂಪಿನದು. ಐದು ಕೋಶ, ನಡುವಿನ ಮೂರಕ್ಕೆ ಬಣ್ಣ, ಎರಡು ತುದಿಯವು ಬಣ್ಣವಿಲ್ಲದವು. ಒಂದು ತುದಿಯಲ್ಲಿ ಎರಡು ಮೂರು ಮೀಸೆ, ಇನ್ನೊಂದು ತುದಿಯಲ್ಲಿ ಒಂದು ಬಾಲ. ನೋಡಲು ಅಪರೂಪದ್ದು ಅನಿಸುತ್ತದೆ, ಆದರೆ ಎಲ್ಲೆಲ್ಲೂ ಸಿಗುತ್ತದೆ. ಸುರುಳಿಯವು ಹೆಲಿಕೊಸ್ಪೋರಿಯಂ, ಹೆಲಿಕೋಮಾದಂಥವು. ಒದ್ದೆ ಕೊಂಬೆಗಳಲ್ಲಿ ಇವನ್ನು ಹುಡುಕಿ. ಸುರುಳಿಯೊಳಗೆ ಗಾಳಿ ಸಿಕ್ಕಿಕೊಂಡು ಬೀಜಕ ನೀರಿನ ಮೇಲೆ ತೇಲುತ್ತದೆ. ತೋಳು ಚಾಚಿದ ಆಕಾರಕ್ಕೂ ನೀರಿನ ನಂಟಿದೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಶಿಲೀಂಧ್ರ ವಿಜ್ಞಾನಿ ಇಂಗೋಲ್ಡ್ 1942ರಲ್ಲಿ ಹೊಳೆಯಲ್ಲಿ ಕೊಳೆಯುವ ಆಲ್ಡರ್ ಎಲೆಗಳ ಮೇಲೆ ನಾಲ್ಕು ತೋಳಿನ ಬೀಜಕಗಳ ಇಡೀ ಲೋಕವನ್ನೇ ವರ್ಣಿಸಿದರು. ಅಂಥ ಬೀಜಕಗಳು ಮರದ ಕಾಂಡದ ಮೇಲೆ ಹರಿದು ಬರುವ ಮಳೆನೀರಿನಲ್ಲೂ ಸಿಗುತ್ತವೆ. ಐದನೇ ಹೆಜ್ಜೆಯ ಎಚ್ಚರಿಕೆ ಯಾಕೆ ಅಂತ ಈಗ ಗೊತ್ತಾಯಿತು, ಅಲ್ವಾ?

ವಯಸ್ಸನ್ನೂ ಮರೆಯಬೇಡಿ. ಲಾಸಿಯೊಡಿಪ್ಲೋಡಿಯಾ ಥಿಯೊಬ್ರೋಮೇ ಬೀಜಕ ಎಳೆಯದಿದ್ದಾಗ ಬಣ್ಣವಿಲ್ಲ, ಗೋಡೆಯೂ ಇಲ್ಲ. ಬಲಿತ ಮೇಲೆ ಕಂದು ಬಣ್ಣ, ನಡುವೆ ಒಂದು ಗೋಡೆ, ಉದ್ದಕ್ಕೂ ಗೆರೆಗಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಶಿಲೀಂಧ್ರ ಅಂತ ಯಾರೂ ಹೇಳುವುದಿಲ್ಲ.

7. ಅಳತೆ

ಐಪೀಸಿನೊಳಗಿನ ಅಳತೆಪಟ್ಟಿಯನ್ನು ಮೊದಲು ತಾಳೆ ನೋಡಬೇಕು. ಸ್ಟೇಜ್ ಮೈಕ್ರೋಮೀಟರ್ ಅಂದರೆ ಅಳತೆಗೆರೆ ಕೆತ್ತಿದ ಸ್ಲೈಡು. ಅದರಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ. ಒಂದು ಮನೆ ಅಂದರೆ 10 ಮೈಕ್ರಾನ್. ಐಪೀಸಿನ 40 ಮನೆಗಳು ಸ್ಟೇಜಿನ 10 ಮನೆಗಳಿಗೆ ಸರಿಹೊಂದಿದರೆ ಐಪೀಸಿನ ಒಂದು ಮನೆ 2.5 ಮೈಕ್ರಾನ್. ಆಬ್ಜೆಕ್ಟಿವ್ ಬದಲಾದರೆ ಲೆಕ್ಕವೂ ಬದಲು. ಇದನ್ನು ಒಮ್ಮೆ ಮಾಡಿ ಚೀಟಿ ಬರೆದು ಮೈಕ್ರೋಸ್ಕೋಪಿಗೆ ಅಂಟಿಸಿಬಿಡಿ.

ಕನಿಷ್ಠ 20 ಬಲಿತ ಬೀಜಕ ಅಳೆಯಿರಿ. ಚೆಂದ ಕಂಡದ್ದನ್ನೇ ಆರಿಸಬೇಡಿ. ಫಲಿತಾಂಶವನ್ನು (17–)19–23(–25) × 7–9 ಮೈಕ್ರಾನ್ ಎಂಬಂತೆ ಬರೆಯುವುದು ರೂಢಿ. ಆವರಣದೊಳಗಿನವು ಅಪರೂಪಕ್ಕೆ ಸಿಕ್ಕ ಅಳತೆಗಳು. ಮೀಸೆ, ಬಾಲ, ಲೋಳೆಕವಚವನ್ನು ಬೀಜಕದ ಉದ್ದಕ್ಕೆ ಸೇರಿಸಬೇಡಿ, ಬೇರೆಯಾಗಿ ಬರೆಯಿರಿ. ನೀರಿನಲ್ಲಿ ಅಳೆದಿರೋ, ಬೇರೆ ದ್ರವದಲ್ಲೋ ಅನ್ನುವುದನ್ನೂ ನಮೂದಿಸಿ.

8. ಎರಡು ಹನಿ ರಸಾಯನ

ಚೀಲಗಳು ಸಿಕ್ಕಿದ್ದರೆ ಲುಗಾಲ್ ಅಯೋಡಿನ್ ಒಂದು ಹನಿ ಬಿಡಿ. ಚೀಲದ ತುದಿಯಲ್ಲಿ ಪುಟ್ಟ ಉಂಗುರ ನೀಲಿಯಾಗುತ್ತದೆಯೇ? ಜೈಲೇರಿಯಾ, ಹೈಪಾಕ್ಸಿಲಾನ್ ಬಳಗದ ಬಹುಪಾಲು ಶಿಲೀಂಧ್ರಗಳಲ್ಲಿ ಹೀಗಾಗುತ್ತದೆ. ಅಯೋಡಿನ್ನೇ ಇರುವ ಮೆಲ್ಜರ್ ದ್ರಾವಣವೂ ನಡೆಯುತ್ತದೆ, ಆದರೆ ಕೆಲವು ಚೀಲಗಳು ಲುಗಾಲಿನಲ್ಲಿ ಕೆಂಪಾಗುವುದನ್ನು ಅದು ಮರೆಮಾಚಿಬಿಡುತ್ತದೆ. ಒಂದೇ ಇಟ್ಟುಕೊಳ್ಳುವುದಾದರೆ ಲುಗಾಲ್ ಇಟ್ಟುಕೊಳ್ಳಿ ಅನ್ನುವುದು ನನ್ನ ಮಾತು.

ಗಟ್ಟಿ ಕರಿ ಅಥವಾ ಕಂದು ಗಡ್ಡೆಯಂಥದ್ದಾದರೆ ಮೇಲ್ಪದರದ ಚೂರನ್ನು 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಳಿ ಕಾಗದದ ಮೇಲಿನ ಸ್ಲೈಡಿನಲ್ಲಿಡಿ. ಒಂದು ನಿಮಿಷದೊಳಗೆ ಬಣ್ಣ ಇಳಿಯುತ್ತದೆಯೇ ನೋಡಿ. ಹೈಪಾಕ್ಸಿಲಾನ್ ಮತ್ತು ಅದರ ನಂಟರಲ್ಲಿ ಕಿತ್ತಳೆ, ಹಸಿರು, ನೇರಳೆ ಹೀಗೆ ಇಳಿಯುವ ಬಣ್ಣವೇ ಗುರುತು. ಹೈಪಾಕ್ಸಿಲಾನ್ ಫ್ರಾಗಿಫಾರ್ಮೆಯದು ಕಿತ್ತಳೆ. ಈ ದ್ರಾವಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ. ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಚೀಲದ ಗೋಡೆಯನ್ನೂ ಗಮನಿಸಿ. ಕೆಲವು ಚೀಲಗಳಿಗೆ ಎರಡು ಪದರ. ನೀರು ಕುಡಿದಾಗ ಹೊರಪದರ ಬಿರಿದು ಒಳಪದರ ಉದ್ದಕ್ಕೆ ಚಿಮ್ಮುತ್ತದೆ. ಅಮೆರಿಕದ ಶಿಲೀಂಧ್ರ ವಿಜ್ಞಾನಿ ಲಟ್ರೆಲ್ 1951ರಲ್ಲಿ ಈ ವ್ಯತ್ಯಾಸವನ್ನೇ ವರ್ಗೀಕರಣದ ಬುನಾದಿ ಮಾಡಿಕೊಂಡರು. ಇವತ್ತಿಗೂ ಅದು ಕೆಲಸಕ್ಕೆ ಬರುತ್ತದೆ.

9. ಈಗ ಹೆಸರು

ಮರ, ಚುಕ್ಕೆಯ ಬಗೆ, ಬೀಜಕದ ಆಕಾರ, ಅಳತೆ, ಬಣ್ಣದ ಪರೀಕ್ಷೆ. ಈ ಐದು ಕೈಯಲ್ಲಿದ್ದರೆ ಕೀಲಿಪಟ್ಟಿ (ಒಂದೊಂದೇ ಗುಣ ಕೇಳುತ್ತಾ ಹೆಸರಿನತ್ತ ಒಯ್ಯುವ ಪಟ್ಟಿ) ಹಿಡಿದು ಕುಲದವರೆಗೆ ಹೋಗಬಹುದು. ಹಳೆಯ ಬರಹಗಳಲ್ಲಿ ಒಂದೇ ಶಿಲೀಂಧ್ರಕ್ಕೆ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ. ಸತ್ತ ರೆಂಬೆಗಳಲ್ಲಿ ನಸುಗೆಂಪು ದಿಂಬುಗಳಾಗಿ ಕಾಣುವ ಟ್ಯುಬರ್ಕುಲೇರಿಯಾ ವಲ್ಗಾರಿಸ್, ಆಮೇಲೆ ಕಡುಗೆಂಪು ಹೂಜಿಗಳಾಗುವ ನೆಕ್ಟ್ರಿಯಾ ಸಿನಬಾರಿನಾ, ಎರಡೂ ಒಂದೇ ಜೀವಿಯ ಎರಡು ಹಂತ. ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಸಾಕು ಅಂತ 2011ರಲ್ಲಿ ಮೆಲ್ಬರ್ನಿನ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಯಿತು. ಈಗ ಚಾಲ್ತಿಯಲ್ಲಿರುವ ಹೆಸರು ಯಾವುದು ಅಂತ ಶಿಲೀಂಧ್ರಗಳ ಹೆಸರು ಪಟ್ಟಿಮಾಡುವ ಜಾಲತಾಣಗಳಾದ ಇಂಡೆಕ್ಸ್ ಫಂಗೋರಂ ಅಥವಾ ಮೈಕೊಬ್ಯಾಂಕಿನಲ್ಲಿ ನೋಡಿ.

ಆಮೇಲೆ ಮೂಲ ವಿವರಣೆ ಓದಿ. ಚಿತ್ರಕ್ಕೆ ಹೊಂದಿದರೆ ಸಾಲದು, ಅಳತೆಗೂ ಹೊಂದಬೇಕು. ಒಂದು ಗುಣ ಹೊಂದದಿದ್ದರೆ ಅದನ್ನು ನುಂಗಿಕೊಳ್ಳಬೇಡಿ. ಬರೆದಿಡಿ.

ಡಿಎನ್‌ಎ ಮಾಡಿಸಿದರೆ ಎಲ್ಲ ಬಗೆಹರಿಯುತ್ತದೆ ಅನ್ನುವವರಿದ್ದಾರೆ. ಐಟಿಎಸ್ ಎಂಬ ಡಿಎನ್‌ಎ ತುಣುಕನ್ನು 2012ರಲ್ಲಿ ಶಿಲೀಂಧ್ರಗಳ ಸಾಮಾನ್ಯ ಬಾರ್‌ಕೋಡ್ ಅಂತ ಒಪ್ಪಲಾಯಿತು, ನಿಜ. ಆದರೆ ಡಯಾಪೋರ್ಥೆ, ಕೊಲೆಟೊಟ್ರೈಕಂನಂಥ ದೊಡ್ಡ ಕುಲಗಳಲ್ಲಿ ಅದೊಂದರಿಂದ ಪ್ರಭೇದ ತಿಳಿಯುವುದಿಲ್ಲ, ಬೇರೆ ಜೀನುಗಳೂ ಬೇಕು. ಇನ್ನು ಕೊಂಬೆಯ ಚೂರನ್ನು ಹಾಗೇ ಕಳಿಸಿದರೆ, ತೊಗಟೆಯೊಳಗೆ ಅಡಗಿರುವ ಮತ್ತಾವುದೋ ಶಿಲೀಂಧ್ರದ ಡಿಎನ್‌ಎ ಬರಬಹುದು. ಬೀಜಕದಿಂದ ಬೆಳೆಸಿದ ಶುದ್ಧ ಕಲ್ಚರ್ ಇದ್ದರೆ ಆ ಭಯವಿಲ್ಲ.

10. ಮಾದರಿಯನ್ನು ಎತ್ತಿಡಿ

ಕೊಂಬೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಹುಳಗಳು ಸಾಯುತ್ತವೆ. ಆಮೇಲೆ ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ ತಾರೀಕು, ಜಾಗ, ಮರ, ಹುಡುಕಿದವರ ಹೆಸರು ಬರೆಯಿರಿ. ಬೀಜಕದ ಚಿತ್ರ, ಅಳತೆಯ ಚೀಟಿ ಒಳಗಿರಲಿ. ಫೋಟೊ ಚೆನ್ನಾಗಿದೆ ಅಂತ ಮಾದರಿಯನ್ನು ಎಸೆದರೆ ನಿಮ್ಮ ಮಾತನ್ನು ಮತ್ತೆ ಪರೀಕ್ಷಿಸಲು ಯಾರಿಗೂ ದಾರಿಯಿರುವುದಿಲ್ಲ.

ಪೊಟ್ಟಣದ ಮೇಲೆ ಪ್ರಭೇದದ ಹೆಸರೇ ಬರಬೇಕು ಅಂತೇನಿಲ್ಲ. ನನ್ನ ಡ್ರಾಯರಿನಲ್ಲಿ "ಡಯಾಟ್ರಿಪೇಸಿ, ಕುಲ ಅನುಮಾನ" ಅಂತ ಬರೆದ ಪೊಟ್ಟಣಗಳೇ ಜಾಸ್ತಿ. ಅನುಮಾನ ಯಾಕೆ ಅಂತ ಎರಡು ಸಾಲು ಕೆಳಗೆ ಬರೆದಿರುತ್ತೇನೆ: ಬೀಜಕ ಎಳೆಯದಿತ್ತು, ಅಥವಾ ಮರ ಯಾವುದು ಗೊತ್ತಾಗಲಿಲ್ಲ. ಮುಂದಿನ ಮಳೆ ಬಿದ್ದ ಮೇಲೆ ಅದೇ ಮರದಡಿ ಏನು ಹುಡುಕಬೇಕು ಅನ್ನುವುದಕ್ಕೆ ಆ ಎರಡು ಸಾಲು ಸಾಕು.